ಓರ್ವಿಯೆತೊ: ಬಂಡೆಯನ್ನು ನಂಬಿ ಬದುಕಿದ ಊರು

ಮಂಗಳವಾರ

ರೋಮ್‌ನ ತೆರ್ಮಿನಿ ಸ್ಟೇಷನ್ನಿನಲ್ಲಿ ಫ್ಲಾರೆನ್ಸ್ ಕಡೆಯ ನಿಧಾನದ ರೈಲು ಹತ್ತಿದರೆ ಒಂದೂವರೆ ಗಂಟೆಯೊಳಗೆ ಓರ್ವಿಯೆತೊ ಸಿಗುತ್ತದೆ. ಇದು ಇಟಲಿಯ ಉಂಬ್ರಿಯಾ ಪ್ರಾಂತ್ಯದ ಊರು. ಸ್ಟೇಷನ್ ಇರುವುದು ಕೆಳಗೆ, ಬಯಲಿನಲ್ಲಿ. ಊರು ಮೇಲೆ. ಗುಡ್ಡದ ಮೇಲಿನ ಊರು ಅಂದರೆ ನಮ್ಮ ಕಣ್ಣಿಗೆ ಬರುವುದು ಇಳಿಜಾರು, ಅಲ್ವಾ? ಇಲ್ಲಿ ಹಾಗಿಲ್ಲ. ಕೆಳಗೆ ಹೊಲ, ದ್ರಾಕ್ಷಿ ತೋಟ, ಆಲಿವ್ ಮರಗಳು. ಅವುಗಳ ಮೇಲೆ ಇದ್ದಕ್ಕಿದ್ದಂತೆ ನೆಟ್ಟಗೆ ನಿಂತ ಕಂದು ಬಣ್ಣದ ಬಂಡೆ. ಕೆಲವು ಕಡೆ ಐವತ್ತು ಮೀಟರ್ ಎತ್ತರ. ಅದರ ತುತ್ತತುದಿಗೇ ಮನೆಗಳು. ಬಂಡೆ ಎಲ್ಲಿ ಮುಗಿಯಿತು, ಮನೆಯ ಗೋಡೆ ಎಲ್ಲಿ ಶುರುವಾಯಿತು ಅಂತ ಕೆಳಗಿನಿಂದ ಹೇಳಲು ಬರುವುದಿಲ್ಲ. ಎರಡೂ ಒಂದೇ ಕಲ್ಲು.

ಅಪ್ಪ-ಅಮ್ಮ ಕುಂದಾಪುರದಿಂದ ಮ್ಯೂನಿಕ್‌ಗೆ, ನನ್ನ ಮನೆಗೆ ಬಂದಿದ್ದರು. ಅವರಿಗೆ ಇಟಲಿ ತೋರಿಸಬೇಕು ಅಂತ ನನಗೆ ಆಸೆ. ಆದರೆ ಬೆಳಿಗ್ಗೆ ಒಂದು ಊರು, ಸಂಜೆ ಇನ್ನೊಂದು ಊರು ಅಂತ ಓಡಿಸಲು ಮನಸ್ಸಿರಲಿಲ್ಲ. ರೋಮ್ ನೋಡಿದ ಮೇಲೆ ಒಂದು ಚಿಕ್ಕ ಊರಿನಲ್ಲಿ ಉಳಿದು, ಅದನ್ನೇ ಸಮಾಧಾನವಾಗಿ ನೋಡೋಣ ಅಂದುಕೊಂಡೆವು. ಅಪ್ಪ ಮನೆ ಕಟ್ಟಿಸುವ ಕಂಟ್ರಾಕ್ಟರ್ ಆಗಿದ್ದವರು. ಬಾವಿ ತೋಡಿಸುವುದರಲ್ಲಂತೂ ಎತ್ತಿದ ಕೈ. ಓರ್ವಿಯೆತೊದಲ್ಲಿ ಹೇಸರಗತ್ತೆಗಳು ಮೆಟ್ಟಿಲು ಇಳಿದು ನೀರು ತರುತ್ತಿದ್ದ ಬಾವಿಯೊಂದಿದೆ ಅಂತ ಹೇಳಿದ್ದೇ ತಡ, ಯಾವ ಊರು ಎಂಬ ಚರ್ಚೆ ಅಲ್ಲಿಗೇ ಮುಗಿಯಿತು.

ಸ್ಟೇಷನ್ನಿನ ಎದುರಿಗೇ ಫ್ಯುನಿಕ್ಯುಲರ್ ಇದೆ. ಕೇಬಲ್ಲಿಗೆ ಕಟ್ಟಿದ ಎರಡು ಗಾಡಿಗಳು. ಒಂದು ಇಳಿದಾಗ ಇನ್ನೊಂದು ಏರುತ್ತದೆ. 1888ರಲ್ಲಿ ಇದು ಶುರುವಾದಾಗ ನೀರಿನ ಭಾರದಿಂದಲೇ ಓಡುತ್ತಿತ್ತು. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬುವುದು, ಆ ಭಾರಕ್ಕೆ ಅದು ಇಳಿಯುವುದು, ಇಳಿಯುತ್ತಾ ಕೆಳಗಿನದನ್ನು ಮೇಲಕ್ಕೆ ಎಳೆಯುವುದು. 1970ರಲ್ಲಿ ಓಡಾಟ ನಿಂತಿತು. 1990ರಲ್ಲಿ ವಿದ್ಯುತ್ತಿನ ಬಲದಲ್ಲಿ ಮತ್ತೆ ಶುರುವಾಯಿತು. ಮರಗಳ ನಡುವೆ ಹತ್ತಿ, ಸುರಂಗ ಹೊಕ್ಕು, ಹಳೆಯ ಕೋಟೆಯ ಅಡಿಯಿಂದ ಹೊರಬಂದು ಮೇಲಿನ ಚೌಕದಲ್ಲಿ ಬಿಡುತ್ತದೆ. ಮಂಡಿನೋವಿನ ಅಮ್ಮನಿಗೆ ಇದಕ್ಕಿಂತ ದೊಡ್ಡ ಉಪಕಾರ ಇರಲಿಲ್ಲ. ಆ ಚೌಕದಿಂದ ಊರೊಳಕ್ಕೆ ಪುಟ್ಟ ಬಸ್ಸುಗಳೂ ಓಡುತ್ತವೆ.

ಉಳಿದುಕೊಂಡ ಮನೆ ಒಂದು ಕಿರಿದಾದ ಓಣಿಯಲ್ಲಿ. ಬಾಗಿಲ ಹೊರಗೆ ಅಪ್ಪ ಸೂಟ್‌ಕೇಸ್ ಕೆಳಗಿಟ್ಟು ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದರು. ಪುಡಿ ಬಂತು.

"ಇದು ನಮ್ಮ ಮುರಕಲ್ಲೇ ಅಲ್ದಾ?"

ಕಲ್ಲು ಬೇರೆ, ಗುಣ ಮಾತ್ರ ಹತ್ತಿರದ್ದು. ನಮ್ಮ ಕರಾವಳಿಯ ಮುರಕಲ್ಲು ಮಳೆ-ಬಿಸಿಲಿಗೆ ಬಂಡೆ ಕೊಳೆತು ಆದದ್ದು. ಇದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಸುಮಾರು ಮೂರು ಲಕ್ಷ ವರ್ಷಗಳ ಹಿಂದೆ ಪಶ್ಚಿಮಕ್ಕೆ ಬೊಲ್ಸೇನಾ ಸರೋವರದ ಕಡೆಯ ಜ್ವಾಲಾಮುಖಿಗಳು ಉಗುಳಿದ ಬಿಸಿ ಬೂದಿ ಇಲ್ಲಿನ ಜೇಡಿಮಣ್ಣಿನ ಮೇಲೆ ಹರಡಿ ಕೂತಿತು. ಇಟಲಿಯವರು ಇದನ್ನು ತೂಫೊ ಅನ್ನುತ್ತಾರೆ. ಆದರೆ ಮುರಕಲ್ಲಿನ ಹಾಗೆಯೇ ಕಡಿಯುವಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಗುದ್ದಲಿ, ಉಳಿ ಇದ್ದರೆ ಸಾಕು. ನಿಮ್ಮ ಜಾಗದಲ್ಲೇ ಕಲ್ಲು ಕಡಿದು ಅಲ್ಲೇ ಮನೆ ಕಟ್ಟಬಹುದು. ಕಡಿದ ಗುಂಡಿ ನೆಲಮಾಳಿಗೆ ಆಗುತ್ತದೆ. ಈ ಊರು ಎರಡೂವರೆ ಸಾವಿರ ವರ್ಷಗಳಿಂದ ಮಾಡುತ್ತಾ ಬಂದಿರುವುದು ಇದನ್ನೇ.

ಬುಧವಾರ

ಬೆಳಿಗ್ಗೆ ಮೊದಲು ಬಾವಿ. ಅಪ್ಪ ಚಹಾ ಕುಡಿಯುವಾಗಲೇ ಶೂ ಹಾಕಿಕೊಂಡಿದ್ದರು.

ಈ ಬಾವಿಯ ಹಿಂದೆ ಒಬ್ಬ ಹೆದರಿದ ಪೋಪ್ ಇದ್ದಾನೆ. 1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನ್ಯ ರೋಮ್‌ಗೆ ನುಗ್ಗಿ ಊರನ್ನು ದೋಚಿತು. ಪೋಪ್ ಏಳನೆಯ ಕ್ಲೆಮೆಂಟ್ ತಿಂಗಳುಗಟ್ಟಲೆ ಕೋಟೆಯಲ್ಲಿ ಸೆರೆಯಾಳಾಗಿ ಉಳಿದ. ಡಿಸೆಂಬರ್‌ನಲ್ಲಿ ವೇಷ ಮರೆಸಿಕೊಂಡು ತಪ್ಪಿಸಿಕೊಂಡು ಬಂದು ಸೇರಿದ್ದು ಓರ್ವಿಯೆತೊಗೆ. ಈ ಬಂಡೆಯನ್ನು ಶತ್ರು ಹತ್ತುವುದು ಕಷ್ಟ, ನಿಜ. ಆದರೆ ಹತ್ತುವ ಅಗತ್ಯವೇ ಇಲ್ಲ. ಸುತ್ತುವರಿದು ಸುಮ್ನೆ ಕೂತರೂ ಸಾಕು. ತೂಫೊ ಮಳೆನೀರನ್ನು ಹೀರಿ ಕೆಳಕ್ಕೆ ಬಿಟ್ಟುಬಿಡುತ್ತದೆ. ಒರತೆಗಳೆಲ್ಲ ಬಂಡೆಯ ಬುಡದಲ್ಲಿ, ಜೇಡಿಮಣ್ಣು ತಡೆಯುವ ಕಡೆ. ಮೇಲೆ ಕೂತವರಿಗೆ ನೀರಿಲ್ಲ. ಹಾಗಾಗಿ ಕ್ಲೆಮೆಂಟ್ ಬಾವಿ ತೋಡಿಸಲು ಹೇಳಿದ. ಕೆಲಸ ವಹಿಸಿದ್ದು ಆಂತೋನಿಯೊ ದ ಸಾಂಗಾಲ್ಲೊಗೆ. ಮನೆತನದಲ್ಲಿ ಅದೇ ಹೆಸರಿನ ಇಬ್ಬರು ವಾಸ್ತುಶಿಲ್ಪಿಗಳಿದ್ದರು, ಇವನು ಕಿರಿಯವನು. ಮುಗಿದದ್ದು 1537ರಲ್ಲಿ. ಅಷ್ಟರಲ್ಲಿ ಕ್ಲೆಮೆಂಟ್ ತೀರಿಕೊಂಡು ಮೂರು ವರ್ಷ ಆಗಿತ್ತು. ಮೂರನೆಯ ಪಾಲ್ ಪೋಪ್ ಆಗಿದ್ದ. ಸಂತ ಪ್ಯಾಟ್ರಿಕ್‌ನ ಬಾವಿ ಎಂಬ ಹೆಸರು ಬಂದದ್ದು ಇನ್ನೂ ಎಷ್ಟೋ ಕಾಲದ ಮೇಲೆ.

ಆಳ ಸುಮಾರು 53 ಮೀಟರ್, ಅಗಲ 13 ಮೀಟರ್. ಇಳಿಯುವ ದಾರಿ ಒಂದು, ಹತ್ತುವ ದಾರಿ ಇನ್ನೊಂದು. ಎರಡೂ ಬಾವಿಯ ಗೋಡೆಯೊಳಗೇ ಸುರುಳಿ ಸುತ್ತುತ್ತಾ ಒಂದರ ಮೇಲೊಂದು ಹೋಗುತ್ತವೆ, ಎಲ್ಲೂ ಕೂಡುವುದಿಲ್ಲ. ಒಂದೊಂದರಲ್ಲಿ 248 ಮೆಟ್ಟಿಲು. ಖಾಲಿ ಕೊಡ ಹೊತ್ತ ಹೇಸರಗತ್ತೆ ಒಂದು ಬಾಗಿಲಿನಿಂದ ಇಳಿಯುತ್ತದೆ. ತಳದಲ್ಲಿ ನೀರಿನ ಮೇಲೆ ಹಾಕಿದ ಸಣ್ಣ ಸೇತುವೆ ದಾಟುತ್ತದೆ. ತುಂಬಿದ ಕೊಡ ಹೊತ್ತು ಇನ್ನೊಂದು ಬಾಗಿಲಿನಿಂದ ಹೊರಗೆ ಬರುತ್ತದೆ. ಎದುರಿನಿಂದ ಇನ್ನೊಂದು ಕತ್ತೆ ಬರುವ ಮಾತೇ ಇಲ್ಲ. ಹಾಗಾಗಿ ದಾರಿ ಕಿರಿದಾದರೂ ನಡೆಯುತ್ತದೆ.

ಅಮ್ಮ ಇಳಿಯಲಿಲ್ಲ. ಪಕ್ಕದಲ್ಲೇ ಹಳೆಯ ಅಲ್ಬೊರ್ನೋಸ್ ಕೋಟೆ ಈಗ ಪಾರ್ಕ್ ಆಗಿದೆ, ಅಲ್ಲಿ ಬಿಸಿಲಿಗೆ ಕೂತರು. ನಾನೂ ಅಪ್ಪನೂ ಇಳಿದೆವು. ಮೆಟ್ಟಿಲುಗಳು ಪ್ರಾಣಿಯ ಕಾಲಿಗೆ ಅಳೆದು ಮಾಡಿದವು: ಅಗಲ ಜಾಸ್ತಿ, ಎತ್ತರ ಕಡಿಮೆ. ಬಾವಿಯ ಕಡೆಗೆ ಕಮಾನಿನ ಕಿಟಕಿಗಳು. ಒಟ್ಟು 70. ಬೆಳಕು ಮೇಲಿನ ತೆರೆದ ಬಾಯಿಯಿಂದ ಬಾವಿಯೊಳಗೆ ಬಿದ್ದು, ಕಿಟಕಿಗಳ ಮೂಲಕ ಮೆಟ್ಟಿಲಿಗೆ ಬರುತ್ತದೆ. ಮೊದಲ ಸುತ್ತುಗಳಲ್ಲಿ ಓದುವಷ್ಟು ಬೆಳಕು. ಅರ್ಧ ದಾಟಿದ ಮೇಲೆ ಎದುರಿನ ಕಿಟಕಿಯಲ್ಲಿ ಹತ್ತಿ ಹೋಗುತ್ತಿರುವವರ ಮುಖ ಕಾಣುವುದಿಲ್ಲ, ನೆರಳು ಮಾತ್ರ. ಅವರು ನಮ್ಮಿಂದ ಕೂಗಳತೆಯಲ್ಲಿದ್ದಾರೆ. ಆದರೆ ಅವರ ದಾರಿಗೆ ಹೋಗಬೇಕಾದರೆ ತಳದವರೆಗೆ ಇಳಿಯಲೇಬೇಕು. ತೇವದ ವಾಸನೆ. ಕಂಬಿಯ ಮೇಲೆ ಕೈ ಇಟ್ಟರೆ ನೀರು ಹತ್ತುತ್ತದೆ.

ಅಪ್ಪ ಪ್ರತಿ ಸುತ್ತಿಗೂ ನಿಂತು ಗೋಡೆ ತಟ್ಟಿ ನೋಡುತ್ತಿದ್ದರು. ಮೇಲಿನ ಭಾಗ ಬಂಡೆಯನ್ನೇ ಕೊರೆದದ್ದು. ಕೆಳಕ್ಕೆ ಹೋದ ಮೇಲೆ ಇಟ್ಟಿಗೆ ಕಟ್ಟಿದ್ದಾರೆ. "ಕಲ್ಲು ಮುಗಿದು ಜೇಡಿ ಶುರುವಾಯ್ತು ಮಗಾ. ಕಲ್ಲಾದರೆ ತನ್ನಷ್ಟಕ್ಕೆ ನಿಲ್ಲುತ್ತದೆ. ಜೇಡಿ ನಿಲ್ಲುವುದಿಲ್ಲ, ಕಟ್ಟಲೇಬೇಕು" ಅಂದರು. ಅಗೆದು ಇಳಿದು ಇಟ್ಟಿಗೆ ಕಟ್ಟಿದರೋ, ತಳ ಮುಟ್ಟಿ ಕಟ್ಟುತ್ತಾ ಮೇಲೆ ಬಂದರೋ, ಮಣ್ಣನ್ನು ಯಾವ ದಾರಿಯಿಂದ ಹೊರಗೆ ಹಾಕಿದರು, ಎಷ್ಟು ಜನ ಸತ್ತಿರಬಹುದು ಅಂತ ಅವರಿಗೆ ಒಂದರ ಮೇಲೊಂದು ಪ್ರಶ್ನೆ. ತಳದ ಸೇತುವೆಯ ಮೇಲೆ ನಿಂತು ಕತ್ತೆತ್ತಿದಾಗ ಆಕಾಶ ಒಂದು ಸಣ್ಣ ಬಿಲ್ಲೆಯಷ್ಟು ಕಂಡಿತು. ಎಷ್ಟೋ ಬಾವಿಗಳ ತಳ ನೋಡಿರುವ ಅಪ್ಪ ಅಲ್ಲಿ ಬಹಳ ಹೊತ್ತು ನಿಂತರು. ನನಗೆ ಅವರನ್ನು ಹೊರಡಿಸಲು ಮನಸ್ಸು ಬರಲಿಲ್ಲ.

ಬಾವಿಗೆ ಲ್ಯಾಟಿನ್ನಿನಲ್ಲಿ ಒಂದು ಬರಹ ಹಾಕಿದ್ದಾರೆ. ರಕ್ಷಣೆಗೆ ಪ್ರಕೃತಿ ಕೊಡದೆ ಉಳಿಸಿಕೊಂಡದ್ದನ್ನು ದುಡಿಮೆ ಸೇರಿಸಿಕೊಟ್ಟಿತು ಎಂದು ಅದರ ಅರ್ಥ. ಹೆಮ್ಮೆಯ ಮಾತೇ. ಆ ಹೆಮ್ಮೆಗೆ ಅವರು ಅರ್ಹರು ಅಂತಲೂ ಅನ್ನಿಸಿತು.

ಇನ್ನೊಂದು ಸಂಗತಿ. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ಮದುವೆ ರದ್ದು ಮಾಡಿಕೊಡಿ ಅಂತ ಪೋಪ್ ಬಳಿಗೆ ದೂತರನ್ನು ಕಳಿಸಿದ್ದು ಕೂಡ ಈ ಊರಿಗೇ, 1528ರಲ್ಲಿ. ಕ್ಲೆಮೆಂಟ್ ಆಗ ಇಲ್ಲೇ ತಲೆಮರೆಸಿಕೊಂಡಿದ್ದ. ಹೆನ್ರಿ ಬಿಟ್ಟುಬಿಡಬೇಕು ಅಂದುಕೊಂಡಿದ್ದ ರಾಣಿ ಕ್ಯಾಥರೀನ್, ಚಕ್ರವರ್ತಿ ಚಾರ್ಲ್ಸ್‌ಗೆ ಚಿಕ್ಕಮ್ಮ. ಅದೇ ಚಾರ್ಲ್ಸ್‌ಗೆ ಹೆದರಿ ಇಲ್ಲಿಗೆ ಓಡಿಬಂದವನು ಏನು ಉತ್ತರ ಕೊಟ್ಟಾನು? ಕೊನೆಗೆ ಇಂಗ್ಲೆಂಡ್ ರೋಮ್‌ನ ಚರ್ಚಿನಿಂದಲೇ ಬೇರೆಯಾಯಿತು. ಅಷ್ಟು ದೊಡ್ಡ ಕಥೆಯ ಒಂದು ಎಳೆ ಈ ಪುಟ್ಟ ಊರಿನ ಓಣಿಗಳಲ್ಲಿ ಸಿಕ್ಕಿಕೊಂಡಿದೆ.

ಮಧ್ಯಾಹ್ನ ಊರಿನ ಕೆಳಗೆ ಹೋದೆವು. ಗೈಡ್ ಜೊತೆಗೇ ಹೋಗಬೇಕು, ಟಿಕೆಟ್ ಕೊಡುವುದು ದುವೊಮೊ ಎಂಬ ದೊಡ್ಡ ಚರ್ಚಿನ ಚೌಕದಲ್ಲಿ. ಓರ್ವಿಯೆತೊದ ಬಂಡೆಯೊಳಗೆ ಮನುಷ್ಯರು ಕೊರೆದ ಗುಹೆಗಳು 1200ಕ್ಕೂ ಜಾಸ್ತಿ ಇವೆ. ಬಹಳಷ್ಟು ಇಂದಿಗೂ ಯಾರದೋ ಮನೆಯ ನೆಲಮಾಳಿಗೆಗಳು. ಇಲ್ಲಿಯ ಬಿಳಿ ವೈನ್ ಹೆಸರಾಗುವುದಕ್ಕೆ ಈ ತಂಪು ನೆಲಮಾಳಿಗೆಗಳೂ ಕಾರಣ. ಬೇಸಿಗೆಯಾಗಲಿ ಚಳಿಗಾಲವಾಗಲಿ ಒಳಗಿನ ಹವೆ ಹೆಚ್ಚುಕಡಿಮೆ ಒಂದೇ ಹದದಲ್ಲಿ ಇರುತ್ತದೆ.

ಒಳಗೆ ಮೊದಲು ಸಿಕ್ಕಿದ್ದು ಎಣ್ಣೆ ಗಾಣ. ಆಲಿವ್ ಅರೆಯುವ ಕಲ್ಲು, ಹಿಂಡುವ ಜಾಗ, ಪ್ರಾಣಿಗಳನ್ನು ಕಟ್ಟುವ ಕಡೆ, ಎಲ್ಲವೂ ನೆಲದಡಿಯಲ್ಲಿ. ಮುಂದೆ ಎಟ್ರಸ್ಕನ್ನರ ಬಾವಿ. ರೋಮನ್ನರಿಗಿಂತ ಮೊದಲು ಇಲ್ಲಿ ಆಳಿದ ಜನ ಅವರು. ಸಾಂಗಾಲ್ಲೊನ ಬಾವಿ ನೋಡಿ ಬಂದ ಕಣ್ಣಿಗೆ ಇದು ಬಾವಿ ಅಂತಲೇ ಅನ್ನಿಸುವುದಿಲ್ಲ. ಒಬ್ಬ ಮನುಷ್ಯ ಹಿಡಿಸುವಷ್ಟು ಅಗಲದ, ನಾಲ್ಕು ಮೂಲೆಯ ಓಟೆ. ಎರಡು ಬದಿಯ ಗೋಡೆಯಲ್ಲಿ ಕೈಕಾಲು ಊರಲು ಸಾಲಾಗಿ ಕೊರೆದ ಗುಳಿಗಳು. ಆಚೆ ಕಾಲು ಈಚೆ ಕಾಲು ಇಟ್ಟು, ಕೆಳಗೆ ಅಗೆಯುತ್ತಾ ಅಗೆಯುತ್ತಾ ಇಳಿದಿದ್ದಾರೆ. ಅಪ್ಪ ಒಂದು ಗುಳಿಯೊಳಗೆ ಕೈ ಹಾಕಿ ನೋಡಿದರು. ಒಳಗಡೆ ಕೆಳತುಟಿ ಸವೆದು ನುಣ್ಣಗಾಗಿತ್ತು.

ಆಮೇಲೆ ಪಾರಿವಾಳದ ಗೂಡುಗಳು. ನೆಲದಿಂದ ಛಾವಣಿಯವರೆಗೆ ಗೋಡೆ ತುಂಬ ಚೌಕ ಚೌಕ ಗೂಡು, ಸಾಲುಸಾಲು. ಕೊನೆಯಲ್ಲಿ ಬಂಡೆಯ ಹೊರಮೈಗೆ ತೆರೆದ ಒಂದು ಕಿಟಕಿ. ಪಾರಿವಾಳ ಬೆಳಿಗ್ಗೆ ಕಣಿವೆಗೆ ಹಾರಿ, ತನ್ನ ಮೇವು ತಾನೇ ತಿಂದು, ಸಂಜೆ ಗೂಡಿಗೆ ಬರುತ್ತದೆ. ಊರಿಗೆ ಮುತ್ತಿಗೆ ಬಿದ್ದರೂ ಪಾರಿವಾಳವನ್ನು ತಡೆಯುವವರು ಯಾರು? ಖರ್ಚಿಲ್ಲದೆ ಮಾಂಸ ತಾನಾಗಿ ಮನೆಗೆ ಬಂದಂತೆ. ಅಮ್ಮ ಗೂಡುಗಳನ್ನೇ ನೋಡುತ್ತಾ, "ಇಷ್ಟು ನಂಬಿ ವಾಪಸ್ ಬಂದದ್ದನ್ನು ತಿನ್ನುವುದಾ?" ಅಂದರು. ನಾನು ಅದನ್ನು ಗೈಡ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಆ ಹುಡುಗಿ ನಗಲಿಲ್ಲ. ತನ್ನ ಅಜ್ಜಿಯೂ ಪಾರಿವಾಳದ ಅಡುಗೆ ಮಾಡುತ್ತಿದ್ದರು, ಈಗಲೂ ಇಲ್ಲಿಯ ಹೋಟೆಲುಗಳಲ್ಲಿ ಸಿಗುತ್ತದೆ ಅಂತ ಮೆಲ್ಲಗೆ ಹೇಳಿದಳು.

ಗುರುವಾರ

ಗುರುವಾರ ಮತ್ತು ಶನಿವಾರ ಪೊಪೊಲೊ ಚೌಕದಲ್ಲಿ ಸಂತೆ. ಹದಿಮೂರನೆಯ ಶತಮಾನದ ಕಲ್ಲಿನ ಅರಮನೆಯ ಎದುರು ತರಕಾರಿ, ಚೀಸ್, ಬಟ್ಟೆ, ಪಾತ್ರೆ. ಅಕ್ಟೋಬರ್ ಆದ್ದರಿಂದ ಚೆಸ್ಟ್‌ನಟ್, ಅಣಬೆ, ದ್ರಾಕ್ಷಿ ರಾಶಿ ಬಿದ್ದಿದ್ದವು. ಅಮ್ಮನಿಗೆ ಇಟಾಲಿಯನ್ ಬರುವುದಿಲ್ಲ, ತರಕಾರಿ ಮಾರುವ ಅಜ್ಜಿಗೆ ಕನ್ನಡ ಬರುವುದಿಲ್ಲ. ಬೀನ್ಸ್ ಎಳೆಯದೋ ಬಲಿತದ್ದೋ ಅಂತ ನೋಡಲು ಅಮ್ಮ ಒಂದನ್ನು ಮುರಿದರು. ಅಜ್ಜಿ ತಲೆಯಾಡಿಸಿ ಬೇರೆ ಬುಟ್ಟಿಯಿಂದ ಎಳೆಯದನ್ನೇ ಆರಿಸಿ ಹಾಕಿದರು.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಉಂಬ್ರಿಕೆಲ್ಲಿ ಅಂತ ಇಲ್ಲಿಯ ಪಾಸ್ತಾ. ಬರೀ ಹಿಟ್ಟು ಮತ್ತು ನೀರು, ಮೊಟ್ಟೆ ಹಾಕುವುದಿಲ್ಲ, ಕೈಯಲ್ಲಿ ಹೊಸೆದ ದಪ್ಪ ಎಳೆಗಳು. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸು ಹಾಕಿ ಕೊಡಿ ಅಂದರೆ ಮಾಡಿಕೊಡುತ್ತಾರೆ. ಚೀಸ್ ಬೇಡ ಅನ್ನುವವರು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮೇಲೆ ಪೆಕೊರಿನೊ ತುರಿದೇ ತರುತ್ತಾರೆ. ಸುರುಳಿ ಆಕಾರದ ಲುಮಾಕೆಲ್ಲೆ ಬ್ರೆಡ್ ನೋಡಲು ಆಸೆಯಾಗುತ್ತದೆ, ಆದರೆ ಅದರಲ್ಲಿ ಮಾಂಸದ ಚೂರುಗಳಿರುತ್ತವೆ. ಕೇಳಿ ತೆಗೆದುಕೊಳ್ಳಿ.

ಹನ್ನೊಂದರ ಹೊತ್ತಿಗೆ ದುವೊಮೊ. ಊರಿನ ದೊಡ್ಡ ಚರ್ಚು. ಇದರ ಅಡಿಗಲ್ಲು ಹಾಕಿದ್ದು 1290ರಲ್ಲಿ, ಪೋಪ್ ನಾಲ್ಕನೆಯ ನಿಕೊಲಾಸ್. ಕಪ್ಪು ಬಸಾಲ್ಟ್, ಬಿಳಿ ಟ್ರಾವರ್ಟೈನ್ ಕಲ್ಲಿನ ಪಟ್ಟೆಗಳ ಗೋಡೆ. ಊರೆಲ್ಲ ಕಂದು ತೂಫೊ ನೋಡಿ ಬಂದವರಿಗೆ ಈ ಪಟ್ಟೆಗಳು ಒಮ್ಮೆ ಕಣ್ಣು ಕೋರೈಸುತ್ತವೆ. ಮುಂಭಾಗದಲ್ಲಿ ಬಂಗಾರದ ಬಣ್ಣದ ಮೊಸಾಯಿಕ್ ಚಿತ್ರಗಳು. ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ನನ್ನನ್ನು ಕೇಳಿದರೆ ಮೊಸಾಯಿಕ್ ಆಮೇಲೆ ನೋಡಿ, ಮೊದಲು ಕಣ್ಣಿನ ಮಟ್ಟಕ್ಕೆ ಬನ್ನಿ. ಬಾಗಿಲುಗಳ ಎಡಬಲಕ್ಕೆ ನಾಲ್ಕು ದಪ್ಪ ಕಂಬಗೋಡೆಗಳಿವೆ. ಲೊರೆಂಝೊ ಮೈತಾನಿ ಮತ್ತು ಅವನ ಸಂಗಡಿಗರು ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಅವುಗಳ ಮೇಲೆ ಜಗತ್ತಿನ ಹುಟ್ಟಿನಿಂದ ಕೊನೆಯ ತೀರ್ಪಿನವರೆಗೆ ಬೈಬಲ್ಲಿನ ಕಥೆ ಕೆತ್ತಿದ್ದಾರೆ. ಮೈತಾನಿ 1310ರಿಂದ ಸಾಯುವವರೆಗೂ, ಅಂದರೆ 1330ರವರೆಗೂ, ಈ ಕೆಲಸದ ಮುಖ್ಯಸ್ಥನಾಗಿದ್ದ.

ಎಡತುದಿಯ ಕಂಬಗೋಡೆಯಲ್ಲಿ ಬಳ್ಳಿಯೊಂದು ಕವಲೊಡೆಯುತ್ತಾ ಮೇಲೆ ಹಬ್ಬುತ್ತದೆ. ಕವಲುಗಳ ನಡುವೆ ಒಂದೊಂದು ಕಥೆ. ಆದಮ ಮಲಗಿದ್ದಾನೆ. ದೇವರು ಬಗ್ಗಿ ಅವನ ಪಕ್ಕೆಯಿಂದ ಎಲುಬು ತೆಗೆಯುತ್ತಿದ್ದಾನೆ. ಆ ನಿದ್ದೆಯನ್ನು ನೋಡಬೇಕು. ತಲೆ ವಾಲಿದ ರೀತಿ, ಸಡಿಲಾದ ತೋಳು. ಕಲ್ಲಿನಲ್ಲಿ ನಿದ್ದೆ ಅಷ್ಟು ಹಗುರವಾಗಿ ಬಂದಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಬಲತುದಿಗೆ ಹೋದರೆ ನರಕ. ದೆವ್ವಗಳ ಹಿಡಿತದಲ್ಲಿ ಬಾಯಿ ತೆರೆದು ಕೂಗುವ ಮುಖಗಳು. ಓದು ಬರಹ ಇಲ್ಲದ ರೈತ ಸಂತೆಗೆ ಬಂದವನು ಇವನ್ನು ಎಡದಿಂದ ಬಲಕ್ಕೆ ನೋಡಿಕೊಂಡೇ ಕಥೆ ತಿಳಿಯುತ್ತಿದ್ದ. ಇವತ್ತಿಗೂ ಹಾಗೆಯೇ ತಿಳಿಯಬಹುದು.

ಒಳಗೆ ಎಡಕ್ಕಿರುವ ಸಣ್ಣ ಪೂಜಾ ಕೋಣೆಯಲ್ಲಿ, ಅಂದರೆ ಚಾಪೆಲ್‌ನಲ್ಲಿ ಒಂದು ಬಟ್ಟೆ ಇದೆ. 1263ರಲ್ಲಿ ಬೊಲ್ಸೇನಾದಲ್ಲಿ ಪೂಜೆ ಮಾಡುತ್ತಿದ್ದ ಪಾದ್ರಿಯೊಬ್ಬನ ಕೈಯ ಪ್ರಸಾದದ ರೊಟ್ಟಿಯಿಂದ ರಕ್ತ ತೊಟ್ಟಿಕ್ಕಿ ಈ ಬಟ್ಟೆಯ ಮೇಲೆ ಬಿತ್ತು ಅಂತ ನಂಬಿಕೆ. ಪೋಪ್ ನಾಲ್ಕನೆಯ ಅರ್ಬನ್ ಆಗ ಓರ್ವಿಯೆತೊದಲ್ಲಿದ್ದ. ಮರುವರ್ಷ, 1264ರಲ್ಲಿ, ಅವನು ಇಲ್ಲಿಂದಲೇ ಆ ಪ್ರಸಾದದ ರೊಟ್ಟಿಯನ್ನು ಗೌರವಿಸುವ ಕಾರ್ಪಸ್ ಕ್ರಿಸ್ಟಿ ಹಬ್ಬವನ್ನು ಇಡೀ ಚರ್ಚಿಗೆ ಘೋಷಿಸಿದ. ಈಗಲೂ ಆ ಹಬ್ಬಕ್ಕೆ ಬಟ್ಟೆಯನ್ನು ಹೊರತೆಗೆದು, ಹಳೆಯ ಕಾಲದ ಉಡುಪು ತೊಟ್ಟ ಜನ ಊರೆಲ್ಲ ಮೆರವಣಿಗೆ ಮಾಡುತ್ತಾರೆ. ಬಟ್ಟೆ ಇಡಲೆಂದು 1338ರ ಹೊತ್ತಿಗೆ ಉಗೊಲಿನೊ ದಿ ವಿಯೆರಿ ಮಾಡಿದ ಬೆಳ್ಳಿಯ ಪೆಟ್ಟಿಗೆ ಇದೇ ಚರ್ಚಿನ ಮುಂಭಾಗದ ಆಕಾರದಲ್ಲೇ ಇದೆ. ಅಮ್ಮ ಆ ಚಾಪೆಲ್‌ನಲ್ಲಿ ಕೈಮುಗಿದು ಕೂತರು. ಪಕ್ಕದಲ್ಲಿ ಮೊಣಕಾಲೂರಿದ್ದ ಹೆಂಗಸು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಬಲಕ್ಕೆ ಸಾನ್ ಬ್ರಿತ್ಸಿಯೊ ಚಾಪೆಲ್. ಓರ್ವಿಯೆತೊಗೆ ಇದೊಂದಕ್ಕೇ ಬಂದರೂ ದುಡ್ಡು ಸಾರ್ಥಕ. 1447ರಲ್ಲಿ ಫ್ರಾ ಆಂಜೆಲಿಕೊ ಛಾವಣಿಯ ಸ್ವಲ್ಪ ಭಾಗಕ್ಕೆ ಚಿತ್ರ ಬರೆದು ಹೋದ. ಅರ್ಧ ಶತಮಾನ ಹಾಗೇ ಬಿದ್ದಿತ್ತು. 1499ರಲ್ಲಿ ಲೂಕಾ ಸಿಞೊರೆಲ್ಲಿ ಬಂದು ಉಳಿದದ್ದನ್ನೆಲ್ಲ 1504ರ ಹೊತ್ತಿಗೆ ಮುಗಿಸಿದ. ವಿಷಯ ಜಗತ್ತಿನ ಕೊನೆ.

ಒಂದು ಗೋಡೆಯಲ್ಲಿ ಸತ್ತವರು ಏಳುತ್ತಿದ್ದಾರೆ. ಮೇಲೆ ಇಬ್ಬರು ದೇವದೂತರು ತುತ್ತೂರಿ ಊದುತ್ತಿದ್ದಾರೆ. ಕೆಳಗೆ ಬೋಳು ಬಿಳಿ ನೆಲ. ಅದರಿಂದ ಒಬ್ಬ ಎರಡೂ ಕೈ ಊರಿ, ಸೊಂಟದವರೆಗೆ ಹೊರಬಂದು, ಇನ್ನರ್ಧ ಎಳೆದುಕೊಳ್ಳುತ್ತಿದ್ದಾನೆ. ಕೆಲವರಿಗೆ ಮೈ ಬಂದಿದೆ, ಕೆಲವರು ಇನ್ನೂ ಬರೀ ಎಲುಬು. ಮೈ ಬಂದವರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಇನ್ನೊಂದು ಗೋಡೆಯಲ್ಲಿ ಸುಳ್ಳು ಕ್ರಿಸ್ತ ಉಪದೇಶ ಮಾಡುತ್ತಿದ್ದಾನೆ. ನೋಡಲು ಕ್ರಿಸ್ತನೇ. ಬೆನ್ನಿಗೆ ನಿಂತ ದೆವ್ವ ಅವನ ಕಿವಿಯಲ್ಲಿ ಪಿಸುಗುಡುತ್ತಿದೆ. ದೆವ್ವದ ಕೈ ಅವನ ಅಂಗಿಯೊಳಗಿಂದ ತೂರಿ ಬಂದಿದೆ. ಹಾಗಾಗಿ ಹೊರಗೆ ಚಾಚಿದ ಕೈ ಇವನದೋ ಅದರದೋ ಗೊತ್ತಾಗುವುದಿಲ್ಲ. ನಾನು ಹತ್ತಿರ ಹೋಗಿ, ಹಿಂದೆ ಸರಿದು, ಮತ್ತೆ ಹತ್ತಿರ ಹೋಗಿ ನೋಡಿದೆ. ಅದೇ ಚಿತ್ರದ ಎಡಮೂಲೆಯಲ್ಲಿ ಕಪ್ಪು ಉಡುಪಿನ ಇಬ್ಬರು. ಒಬ್ಬ ಸಿಞೊರೆಲ್ಲಿ. ಇನ್ನೊಬ್ಬ, ತನಗಿಂತ ಮೊದಲು ಇಲ್ಲಿ ಕುಂಚ ಹಿಡಿದಿದ್ದ ಫ್ರಾ ಆಂಜೆಲಿಕೊ. ಅವನು ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ಕೆಲಸ ಶುರುಮಾಡಿದವನನ್ನು ಮುಗಿಸಿದವನು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಾನೆ. ನನಗೆ ಅದು ತುಂಬ ಹಿಡಿಸಿತು.

ಸಂಜೆ ಮತ್ತೆ ಚೌಕಕ್ಕೆ ಬಂದು ಕಟ್ಟೆಯ ಮೇಲೆ ಕೂತೆವು. ಇಳಿಬಿಸಿಲು ನೇರ ಮುಂಭಾಗಕ್ಕೇ ಬೀಳುತ್ತದೆ. ಮೊಸಾಯಿಕ್ ನೋಡಲು ಅದೇ ಹೊತ್ತು. ರೋಮ್‌ನಿಂದ ಬೆಳಿಗ್ಗೆ ಬಂದವರು ಆಗಲೇ ವಾಪಸ್ ಹೊರಟಿದ್ದರು. ಊರಿನ ಮಕ್ಕಳು ಚೆಂಡು ಆಡುತ್ತಿದ್ದರು. ಅವಸರವಿಲ್ಲದೆ ಬದುಕುವ ಚಿಕ್ಕ ಊರುಗಳ ಚಿತ್ತಾಸ್ಲೋ ಎಂಬ ಒಕ್ಕೂಟ 1999ರಲ್ಲಿ ಹುಟ್ಟಿದ್ದು ಇಲ್ಲೇ. ಹಳೆಯ ಊರಿನೊಳಗೆ ಕಾರು ಕಡಿಮೆ ಮಾಡಲು ಬಂಡೆಯ ಕೆಳಗೆ ಪಾರ್ಕಿಂಗ್ ಮಾಡಿ, ಬಂಡೆಯೊಳಗಿಂದ ಎಸ್ಕಲೇಟರ್ ಹಾಕಿದ್ದಾರೆ.

ಶುಕ್ರವಾರ

ಬಸ್ಸಿನಲ್ಲಿ ಹತ್ತಿರದ ಬಾಞೊರೇಜೊ ಎಂಬ ಊರಿಗೆ ಹೋದೆವು. ಮುಕ್ಕಾಲು ಗಂಟೆಯ ಆಸುಪಾಸಿನ ದಾರಿ. ಬಸ್ಸುಗಳು ಕಡಿಮೆ, ಭಾನುವಾರ ಇಲ್ಲ. ವಾಪಸ್ ಬರುವ ಬಸ್ಸಿನ ಹೊತ್ತು ನೋಡಿಕೊಂಡೇ ಹೊರಡಬೇಕು.

ಬಾಞೊರೇಜೊದ ಆಚೆ ತುದಿಗೆ ಚಿವಿತಾ. ಕಣಿವೆಯ ನಡುವೆ ಒಂಟಿಯಾಗಿ ಎದ್ದು ನಿಂತ ತೂಫೊ ತುಂಡಿನ ಮೇಲೆ ಹಿಡಿಯಷ್ಟು ಮನೆಗಳು. ಓರ್ವಿಯೆತೊದ ಕಲ್ಲೂ ಈ ಕಲ್ಲೂ ಒಂದೇ ಬೂದಿಯದು. ಅಡಿಯಲ್ಲಿ ಅದೇ ಜೇಡಿ. ಮಳೆ, ಹಳ್ಳಗಳು ಜೇಡಿಯನ್ನು ಕೊಚ್ಚಿದಂತೆಲ್ಲ ಮೇಲಿನ ಕಲ್ಲು ಆಧಾರ ತಪ್ಪಿ, ಬಿರುಕು ಬಿಟ್ಟು, ಹೋಳು ಹೋಳಾಗಿ ಕಣಿವೆಗೆ ಬೀಳುತ್ತದೆ. 1695ರ ಭೂಕಂಪದ ಮೇಲೆ ಜನ ಒಬ್ಬೊಬ್ಬರಾಗಿ ಬಾಞೊರೇಜೊ ಕಡೆ ಹೋದರು. ಎರಡೂ ಊರುಗಳನ್ನು ಸೇರಿಸಿದ್ದ ಮಣ್ಣಿನ ದಿಬ್ಬವೂ ಕರಗಿತು. ಈಗ ಹೋಗಲು ಇರುವುದು 1965ರಲ್ಲಿ ಕಟ್ಟಿದ, ನಡೆದೇ ದಾಟಬೇಕಾದ ಸೇತುವೆ. ಸಾಯುತ್ತಿರುವ ಊರು ಅಂತ ಇಟಲಿಯವರೇ ಇದನ್ನು ಕರೆಯುತ್ತಾರೆ. ವರ್ಷವಿಡೀ ಉಳಿಯುವವರು ಬೆರಳೆಣಿಕೆಯಷ್ಟು ಜನ. ನೋಡಲು ಬರುವವರು ಲಕ್ಷಾಂತರ. ಒಳಗೆ ಹೋಗಲು ಟಿಕೆಟ್ ಇದೆ.

ಸೇತುವೆಯ ಕೊನೆಯ ಭಾಗ ಕಡಿದಾಗಿ ಏರುತ್ತದೆ. ಅಮ್ಮ ಕಂಬಿ ಹಿಡಿದು, ನಿಂತು ನಿಂತು, ಹತ್ತಿಯೇ ಹತ್ತಿದರು. ಮೇಲೆ ಬಂಡೆಯಲ್ಲಿ ಕೊರೆದ ಹೆಬ್ಬಾಗಿಲು. ಅದರ ಒಳಗೆ ಪಕ್ಕದಲ್ಲೇ ಒಂದು ಅರಮನೆಯ ಮುಂಗೋಡೆ. ಚಂದದ ಚೌಕಟ್ಟಿನ ಕಿಟಕಿಗಳು ಹಾಗೇ ಇವೆ. ಅವುಗಳ ಹಿಂದೆ ಕೋಣೆಯಿಲ್ಲ, ಆಕಾಶ. ಉಳಿದ ಅರಮನೆ ಕಣಿವೆಗೆ ಬಿದ್ದುಹೋಗಿದೆ. ಹದಿಮೂರನೆಯ ಶತಮಾನದ ದೊಡ್ಡ ದೈವಶಾಸ್ತ್ರಜ್ಞ ಸಂತ ಬೊನವೆಂತೂರಾ ಹುಟ್ಟಿದ್ದು ಈ ಊರಿನಲ್ಲಿ. ಅವನ ಮನೆಯೂ ಹಾಗೆಯೇ ಹೋಯಿತು.

ಚೌಕದಲ್ಲಿ ಸಾನ್ ದೊನಾತೊ ಚರ್ಚು, ಜೆರೇನಿಯಂ ಕುಂಡಗಳು, ಎಲ್ಲೆಲ್ಲೂ ಬೆಕ್ಕುಗಳು. ನಿಜಕ್ಕೂ ಚಂದ. ಆದರೆ ಅಲ್ಲಿ ಕುಸಿತಗಳ ಬಗ್ಗೆಯೇ ಒಂದು ಮ್ಯೂಸಿಯಂ ಇದೆ, ಅದನ್ನು ಬಿಡಬೇಡಿ. ಬಂಡೆ ಹೇಗೆ ಒಡೆಯುತ್ತದೆ, ಎಲ್ಲಿ ಕಬ್ಬಿಣದ ಸರಳು ಹೊಡೆದು ಹಿಡಿದಿದ್ದಾರೆ, ಎಲ್ಲಿ ಅಳತೆ ಮಾಡುತ್ತಿದ್ದಾರೆ ಅಂತ ತೋರಿಸಿದ್ದಾರೆ. ಅಪ್ಪ ಅಲ್ಲಿಂದ ಹೊರಬಂದು ಊರಿನ ಅಂಚಿನ ಗೋಡೆಯ ಮೇಲೆ ಬಗ್ಗಿ ಕೆಳಗೆ ನೋಡಿದರು. ಬೋಳು ಜೇಡಿಯ ಏಣುಗಳು, ಒಂದರ ಹಿಂದೊಂದು. "ಇದಕ್ಕೆ ಯಾವ ಪಾಯ ಹಾಕಿದರೂ ನಿಲ್ಲಿಸುವುದು ಕಷ್ಟ. ಆದರೂ ಹಿಡಿದುಕೊಂಡಿದ್ದಾರಲ್ಲ" ಅಂದರು.

ಶನಿವಾರ

ರೈಲು ಸಂಜೆಗೆ. ಬೆಳಿಗ್ಗೆ ಅಮ್ಮ ಸಂತೆಗೆ ಹೋದರು, ಬೀನ್ಸ್ ಅಜ್ಜಿಯ ಹತ್ತಿರ. ನಾನು, ಅಪ್ಪ ಬಂಡೆಯ ಬುಡಕ್ಕೆ ಇಳಿದೆವು. ಬಂಡೆಯ ಸುತ್ತ ನಡೆದಾಡಲು ಒಂದು ಕಾಲುದಾರಿ ಇದೆ, ಸುಮಾರು ಐದು ಕಿಲೋಮೀಟರ್.

ಉತ್ತರದ ಕಡೆ ದಾರಿಯ ಕೆಳಗೆ ಎಟ್ರಸ್ಕನ್ನರ ಸ್ಮಶಾನ, ಕ್ರೊಚಿಫಿಸ್ಸೊ ದೆಲ್ ತೂಫೊ. ಕ್ರಿಸ್ತಪೂರ್ವ ಆರನೆಯ ಶತಮಾನದ್ದು. ಸ್ಮಶಾನ ಅಂದೆನಲ್ಲ, ನೋಡಿದರೆ ಬಡಾವಣೆ. ನೇರ ಬೀದಿಗಳು, ಅಡ್ಡ 
ಬೀದಿಗಳು, ಎರಡೂ ಬದಿಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಕಲ್ಲಿನ ಕೋಣೆಗಳು. ಎಲ್ಲ ಮನೆಗೂ ಹೆಚ್ಚುಕಡಿಮೆ ಒಂದೇ ಅಳತೆ. ಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ ಮನೆಯವರ ಹೆಸರು, ಬಲದಿಂದ ಎಡಕ್ಕೆ ಕೊರೆದದ್ದು. ಒಳಗೆ ಮಲಗಿಸಲು ಕಲ್ಲಿನ ಜಗುಲಿ. ತೂಫೊ ತುಂಡುಗಳನ್ನು ಗಾರೆ ಇಲ್ಲದೆ ಕೂರಿಸಿದ್ದಾರೆ. ಅಪ್ಪ ಸಂದಿಯಲ್ಲಿ ಬೆರಳು ತೂರಿಸಲು ನೋಡಿದರು, ಆಗಲಿಲ್ಲ.

ಈ ಜನರ ನಗರ ಮೇಲೆ, ಈಗಿನ ಓರ್ವಿಯೆತೊ ಇರುವ ಕಡೆಯೇ ಇತ್ತು. ವೆಲ್ಝ್ನಾ ಅಂತ ಅದರ ಹೆಸರು. ಕ್ರಿಸ್ತಪೂರ್ವ 264ರಲ್ಲಿ ರೋಮನ್ನರು ಅದನ್ನು ಗೆದ್ದು, ಕೆಡವಿ, ಜನರನ್ನು ಬೊಲ್ಸೇನಾ ಸರೋವರದ ದಂಡೆಗೆ ಸಾಗಿಸಿದರು. ಎರಡು ಸಾವಿರ ಕಂಚಿನ ಮೂರ್ತಿಗಳನ್ನು ಇಲ್ಲಿಂದ ಹೊತ್ತೊಯ್ದರು ಎಂಬ ಮಾತನ್ನು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಊರು ಖಾಲಿಯಾಯಿತು. ಸತ್ತವರ ಬೀದಿಗಳು ಮಾತ್ರ ಉಳಿದವು.

ಮುಂದಿನ ದಾರಿಯಲ್ಲಿ ಬಂಡೆಯನ್ನು ಕೆಳಗಿನಿಂದ ಹತ್ತಿರವಾಗಿ ನೋಡಬಹುದು. ಅಲ್ಲಲ್ಲಿ ಮೈಯಲ್ಲಿ ಹೊಡೆದ ಸರಳುಗಳ ತಲೆ, ಕಟ್ಟಿದ ಆಸರೆ ಗೋಡೆ, ನೀರು ಹೊರಬಿಡುವ ಕೊಳವೆ. 1970ರ ದಶಕದ ಕೊನೆಯಲ್ಲಿ ಇಲ್ಲಿಯೂ ಬಂಡೆ ಕುಸಿಯತೊಡಗಿತ್ತು. ಊರಿನ ಚರಂಡಿ, ನಲ್ಲಿಗಳಿಂದ ಸೋರಿದ ನೀರೂ ಬಂಡೆಯೊಳಗೆ ಇಳಿದು ಅದನ್ನು ಸಡಿಲ ಮಾಡುತ್ತಿತ್ತು. 1978ರಲ್ಲಿ ಒಂದು ವಿಶೇಷ ಕಾನೂನು ಬಂತು. 1987ರಲ್ಲಿ ಓರ್ವಿಯೆತೊ ಬಂಡೆ ಮತ್ತು ಉಂಬ್ರಿಯಾದ ಇನ್ನೊಂದು ಊರಾದ ತೋದಿಯ ಬೆಟ್ಟ ಎರಡನ್ನೂ ಕಾಯಂ ಆಗಿ ಭದ್ರಪಡಿಸಲು ಇನ್ನೊಂದು ಕಾನೂನು ಬಂತು. ಚರಂಡಿ ಸರಿಮಾಡಿದರು, ಗುಹೆಗಳನ್ನು ಭದ್ರ ಮಾಡಿದರು, ಬಂಡೆಗೆ ಸರಳು ಹೊಡೆದರು. ಸಿಞೊರೆಲ್ಲಿಯ ಚಿತ್ರ, ಮೈತಾನಿಯ ಕೆತ್ತನೆ, ಕತ್ತೆಗಳ ಬಾವಿ ಎಲ್ಲ ಇವತ್ತು ನಿಂತಿರುವುದು ಈ ಕೆಲಸದ ಮೇಲೆ. ಸರಳಿನ ತಲೆಯ ಫೋಟೋ ಯಾರೂ ತೆಗೆಯುವುದಿಲ್ಲ. ಅಪ್ಪ ತೆಗೆದರು, ಬೇಕಾದಷ್ಟು.

ನೀವು ಹೋಗುವುದಾದರೆ ಒಂದು ಮಾತು. ರೋಮ್‌ನಿಂದ ಒಂದೇ ದಿನಕ್ಕೆ ಬರುವವರು ಫ್ಯುನಿಕ್ಯುಲರ್ ಇಳಿದ ಕೂಡಲೇ ಬಾವಿ ನೋಡಿಬಿಡಿ, ಅದು ಅಲ್ಲೇ ಪಕ್ಕದಲ್ಲಿದೆ. ಆಮೇಲೆ ದುವೊಮೊಗೆ ಹೋಗಿ, ಸಾನ್ ಬ್ರಿತ್ಸಿಯೊ ಚಾಪೆಲ್‌ಗೆ ಕಡಿಮೆ ಅಂದರೂ ಒಂದು ಗಂಟೆ ಇಟ್ಟುಕೊಳ್ಳಿ. ಗುಹೆಗಳು ಮಧ್ಯಾಹ್ನಕ್ಕೆ. ಮಂಡಿನೋವಿದ್ದವರು ಬಾವಿಗೆ ಇಳಿಯದಿದ್ದರೂ ಗುಹೆಗಳಿಗೆ ಬರಬಹುದು; ಕಡಿದಾದ ಮೆಟ್ಟಿಲು ಅಲ್ಲಿಯೂ ಸ್ವಲ್ಪ ಇವೆ, ಕೈ ಹಿಡಿಯಲು ಒಬ್ಬರಿರಲಿ. ಒಂದು ರಾತ್ರಿ ಉಳಿಯಲು ಆಗುವುದಾದರೆ ಖಂಡಿತ ಉಳಿಯಿರಿ, ಮರುದಿನ ಬಂಡೆಯ ಬುಡದ ದಾರಿಗೆ ಒಂದು ಬೆಳಗು ಕೊಡಿ. ಮಳೆ ಬಂದ ಮರುದಿನ ಅಲ್ಲಿ ಕಾಲು ಜಾರುತ್ತದೆ, ಒಳ್ಳೆಯ ಶೂ ಬೇಕು.